ಪ್ರಿನ್ಸಿಪಾಲ್ ಆದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಪ್ರಿನ್ಸಿಪಾಲ್ ಆಗಿ ಚಾರ್ಜ್ ತಗೊಂಡೆ ಅಂತ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ಫೋನಿನಲ್ಲಿ ನೀನು, "ಬರೀ ಇನ್‌ಚಾರ್ಜ್ ಕಣೋ, ಸೀನಿಯರ್ ಅಂತ ಕೂರಿಸಿದ್ದಾರೆ" ಅಂದೆ. ಮಕ್ಕಳಿಗೆ ಆ ವ್ಯತ್ಯಾಸ ಗೊತ್ತಾಗಲ್ಲ ಮಾರಾಯ. ಆ ಕುರ್ಚಿಯಲ್ಲಿ ಕೂತವರೇ ಅವರಿಗೆ ಪ್ರಿನ್ಸಿಪಾಲ್ರು. ಅವತ್ತು ಹೇಳಲು ಆಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಡಿಗ್ರಿ ಮೊದಲ ವರ್ಷ ನೆನಪಿದೆಯಾ? ನನ್ನ ಸ್ಕಾಲರ್‌ಶಿಪ್ ಅರ್ಜಿ. ಅಪ್ಪನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ ಇತ್ತು, ಆದಾಯ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಆಫೀಸಿನ ಕಿಟಕಿ ಮುಂದೆ ಮೂರು ದಿನ ನಿಂತೆ. ಮೂರು ದಿನವೂ "ಸರಿ ಮಾಡಿಸ್ಕೊಂಡು ಬಾ" ಅಂದರು. ಎಲ್ಲಿ ಸರಿ ಮಾಡಿಸಬೇಕು ಅಂತ ಯಾರೂ ಹೇಳಲಿಲ್ಲ. ಧೈರ್ಯ ಮಾಡಿ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಫೈಲಿನಿಂದ ತಲೆ ಎತ್ತದೆ, "ಆಫೀಸಲ್ಲಿ ಕೇಳು" ಅಂದರು. ಕೊನೆಯ ದಿನಾಂಕ ಕಳೆದೇ ಹೋಯಿತು. ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ನೀನು ಸುಮ್ನೆ ಎದ್ದು ಹೋಗಿ ವಾರ್ಡನ್ನರನ್ನು ಕರೆದುಕೊಂಡು ಬಂದೆ.

ಅವರು ನನ್ನ ಮಂಚದ ಮೇಲೆ ಕೂತು ಮೊದಲು ಕೇಳಿದ್ದು, "ಊಟ ಆಯ್ತೇನೋ?" ಅಂತ. ಮಾರನೆಯ ದಿನ ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕಚೇರಿಗೆ ಕರೆದೊಯ್ದರು. ಆ ವರ್ಷದ ಹಣ ಬರಲೇ ಇಲ್ಲ. ಆದರೆ ಟ್ರಂಕು ಮಂಚದ ಕೆಳಗೆ ವಾಪಸ್ಸು ಹೋಯಿತು. ಇವತ್ತು ನಾನು ತಿನ್ನುತ್ತಿರುವ ಅನ್ನದಲ್ಲಿ ಆ ವಾರ್ಡನ್ನರ ಪಾಲಿದೆ. ಹಾಗಂತ ಅವರಿಗೆ ಒಮ್ಮೆಯೂ ಹೇಳಲಿಲ್ಲವಲ್ಲ ಅನ್ನುವ ಸಂಕಟ ನನಗೆ ಈಗಲೂ ಇದೆ.

ನೀನು ಕೂತಿರುವ ಕುರ್ಚಿ ಅಂದಾಗಲೆಲ್ಲ ನನಗೆ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. 1942ರಲ್ಲಿ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಸೇರಿದರು. ಆಮೇಲೆ ಓದು ಮುಂದುವರಿಸಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ, ತಿರುಗಿ ಅದೇ ಕಾಲೇಜಿಗೆ ಬಂದರು. ಅಲ್ಲೇ ಪ್ರಿನ್ಸಿಪಾಲ್ ಆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1984ರಲ್ಲಿ ಪದ್ಮಭೂಷಣ. ಇಷ್ಟಾದರೂ ವಾಸ ಮಾತ್ರ ಕಾಲೇಜು ಹಾಸ್ಟೆಲಿನ ಒಂದು ಸಣ್ಣ ಕೋಣೆಯಲ್ಲಿ. ಖಾದಿ ಬಟ್ಟೆ, ಗಾಂಧಿ ಟೋಪಿ, ಸುತ್ತ ಹುಡುಗರು. 2005ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಮದುವೆ, ಮನೆ ಅಂತ ಅವರು ಮಾಡಿಕೊಳ್ಳಲಿಲ್ಲ.

ಅವರ ಸರಳತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಕೋಣೆ ಇದ್ದ ಜಾಗ. ಹುಡುಗರ ನಡುವೆಯೇ ಮಲಗಿ ಏಳುವವರಿಗೆ ಯಾರು ಊಟ ಬಿಟ್ಟಿದ್ದಾರೆ, ಯಾರಿಗೆ ಜ್ವರ, ಯಾರಿಗೆ ಮನೆಯಿಂದ ದುಡ್ಡು ಬಂದಿಲ್ಲ ಅನ್ನುವುದು ತಾನಾಗಿ ಕಣ್ಣಿಗೆ ಬೀಳುತ್ತದೆ ಅಲ್ವಾ? 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸಗಳಿಗೇ ಹೆಸರಾಯಿತು. ದೊಡ್ಡ ವಿಜ್ಞಾನಿಗಳು ಹುಡುಗರೆದುರು ನಿಂತು ಮಾತಾಡಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಬಿಸಿಲು ನಾಡಿಗೂ ಅವರು ಕಾಲೇಜು ತಂದರು. ತಾನು ನಡೆದಷ್ಟು ದೂರ ಇನ್ನೊಂದು ಮಗು ನಡೆಯುವುದು ಬೇಡ ಅಂತ ಅವರಿಗೆ ಅನ್ನಿಸಿರಬೇಕು. ಇದು ನನ್ನ ಊಹೆ.

ನೀನು ಹೋಗಿ ಹಾಸ್ಟೆಲಿನಲ್ಲಿ ಇರು ಅಂತ ನಾನು ಹೇಳುತ್ತಿಲ್ಲ. ನಿನಗೆ ಸಂಸಾರವಿದೆ. ವಾರಕ್ಕೊಂದು ರಾತ್ರಿ ಅಲ್ಲಿ ಮಕ್ಕಳ ಜೊತೆ ಕೂತು ಊಟ ಮಾಡು. ಮುದ್ದೆ ಹೇಗಿದೆ, ಸಾರು ಎಷ್ಟು ನೀರಾಗಿದೆ ಅಂತ ನಿನ್ನ ಬಾಯಿಗೇ ಗೊತ್ತಾಗುತ್ತದೆ.

ಇನ್ನು ಆ ಕಿಟಕಿಯ ವಿಷಯ. ಈಗ ಸ್ಕಾಲರ್‌ಶಿಪ್ ಅರ್ಜಿಯೆಲ್ಲ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣದಲ್ಲಿ. ಆದರೆ ಸಿಕ್ಕಿಹಾಕಿಕೊಳ್ಳುವುದು ಹಳೇ ಜಾಗಗಳಲ್ಲೇ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಇದನ್ನೆಲ್ಲ ಯಾರು ಹೇಳಿಕೊಡಬೇಕು? ಹಣ ಬರಲಿಲ್ಲ ಅಂದರೆ ತಪ್ಪು ತನ್ನದೇ ಅಂದುಕೊಂಡು ಅವಳು ಸುಮ್ಮನಾಗುತ್ತಾಳೆ. ಮುಂದಿನ ಸೆಮಿಸ್ಟರಿಗೆ ಬರುವುದೇ ಇಲ್ಲ. ಅಡ್ಮಿಶನ್ ದಿನವೇ ಈ ಮೂರನ್ನೂ ನೋಡಿಸು. ಏನು ತಪ್ಪಾಗಿದೆ, ಯಾವ ಕಚೇರಿಗೆ ಹೋಗಬೇಕು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿಸು. ಆಫೀಸಿನವರನ್ನು ಬೈಯಬೇಡ. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಎಳೆಯುತ್ತಿರುತ್ತಾರೆ. ಎನ್‌ಎಸ್‌ಎಸ್ ಮಕ್ಕಳನ್ನು ಅವರ ಜೊತೆ ಕೂರಿಸು.

ಹಾಜರಾತಿಯದ್ದೂ ಹಾಗೇ. 75 ಪರ್ಸೆಂಟ್ ಇಲ್ಲದವರ ಪಟ್ಟಿಯನ್ನು ಪರೀಕ್ಷೆ ಹತ್ತಿರ ಬಂದಾಗ ಹಾಕಿದರೆ ಯಾರಿಗೆ ಉಪಯೋಗ? ಐದನೇ ವಾರಕ್ಕೇ ತರಿಸಿ ನೋಡು. ಪಟ್ಟಿಯಲ್ಲಿರುವ ಹುಡುಗ ರಾತ್ರಿ ಪಾಳಿಯಲ್ಲಿ ದುಡಿಯುತ್ತಿರಬಹುದು. ಹುಡುಗಿಗೆ ಮನೆಯಲ್ಲಿ ಗಂಡು ನೋಡುತ್ತಿರಬಹುದು. ನೀನೇ ಒಂದು ಫೋನ್ ಮಾಡು. "ಪ್ರಿನ್ಸಿಪಾಲ್ರೇ ಫೋನ್ ಮಾಡಿದ್ರು" ಅನ್ನುವ ಮಾತಿಗೆ ಹಳ್ಳಿ ಮನೆಗಳಲ್ಲಿ ಇವತ್ತಿಗೂ ತೂಕವಿದೆ.

ಇನ್ನೊಂದು. ಮಕ್ಕಳು ಮನಸ್ಸು ಬಿಚ್ಚಿ ಮಾತಾಡುವುದು ಜಾಸ್ತಿ ಅತಿಥಿ ಉಪನ್ಯಾಸಕರ ಹತ್ತಿರ. ವಯಸ್ಸಿನಲ್ಲಿ ಹತ್ತಿರದವರು, ಕಷ್ಟ ಗೊತ್ತಿರುವವರು. ಅವರಿಗೆ ಸಂಬಳ ತಡವಾದಾಗ ನೀನು ಮೇಲಿನವರಿಗೆ ಬರೆಯುವ ಪತ್ರ ಕೂಡ ಮಕ್ಕಳಿಗಾಗಿಯೇ ಬರೆದದ್ದು ಅಂದುಕೋ. ಒಬ್ಬೊಬ್ಬ ವಿದ್ಯಾರ್ಥಿಯ ಬಗ್ಗೆ ಮೇಷ್ಟ್ರು ಬರೆದಿಡಬೇಕಾದ ಮೆಂಟರ್ ಡೈರಿಯನ್ನು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಯ ಹಿಂದಿನ ವಾರ ಕೂತು ತುಂಬಿಸುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ನಿಲ್ಲಿಸು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯವರ ಹೆಸರು, ಫೋನ್ ನಂಬರು ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಯಲ್ಲೇ ಇರಲಿ. ಅದರ ಪಕ್ಕದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ. ಮನಸ್ಸಿಗೆ ತುಂಬಾ ಭಾರವಾದಾಗ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಮೇಲಿನಿಂದ ಬರುವ ಸುತ್ತೋಲೆ, ಮೀಟಿಂಗು, ಸಂಜೆಯೊಳಗೆ ಕಳಿಸಬೇಕಾದ ಮಾಹಿತಿ ನಿನ್ನ ದಿನವನ್ನೆಲ್ಲ ತಿಂದುಹಾಕುತ್ತವೆ, ಗೊತ್ತು. ಆದರೂ ಬಾಗಿಲಲ್ಲಿ ಒಂದು ಮಗು ನಿಂತಾಗ ಪೆನ್ನು ಕೆಳಗಿಟ್ಟು ಮುಖ ನೋಡು. ನಿನಗೆ ಅದು ಆಗುತ್ತದೆ. ಅವತ್ತು ರಾತ್ರಿ ನನ್ನ ಟ್ರಂಕು ನೋಡಿ ಎದ್ದು ಹೋದವನು ನೀನೇ ತಾನೆ?

ದಸರಾ ರಜೆ ಮುಗಿದ ಮೇಲೆ ನಿಮ್ಮೂರಿಗೆ ಬರುತ್ತೇನೆ. ಆಫೀಸಿನ ಕಿಟಕಿ ಎದುರು ಮಕ್ಕಳಿಗೆ ಕೂರಲು ಒಂದು ಬೆಂಚು ಹಾಕಿಸಬೇಕು. ಖರ್ಚು ನನ್ನದು. ಬೇಡ ಅನ್ನಬೇಡ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ
ಹಳೇ ರೂಮ್‌ಮೇಟ್