ಟ್ಯಾಂಕರ್ ಜೊತೆ ಸಮುದ್ರ ದಾಟುವ ಮೊದಲು

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು.

ಮುಂದಿನ ವಾರ ನೀನು ನಿನ್ನ ಯುದ್ಧವಿಮಾನದಲ್ಲಿ ಮೊದಲ ಸಲ ಟ್ಯಾಂಕರ್ ಜೊತೆ, ಅಂದರೆ ಹಾರುತ್ತಲೇ ಇಂಧನ ತುಂಬಿಸುವ ವಿಮಾನದ ಜೊತೆ, ಸಮುದ್ರ ದಾಟುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಆಗಿನಿಂದ ನಿನ್ನದೇ ಯೋಚನೆ. ನಿನ್ನಂಥ ಹುಡುಗರಿಗೆ ಟ್ಯಾಂಕರ್‌ನಲ್ಲಿ ಕೂತು ಇಂಧನ ಕೊಟ್ಟವನು ನಾನು. ಆ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಟ್ಯಾಂಕರ್ ಪಕ್ಕದಲ್ಲೇ ಇದ್ದರೂ ಅದರ ಇಂಧನ ನಿನ್ನದಲ್ಲ. ನಿನ್ನ ಟ್ಯಾಂಕಿಗೆ ಇಳಿದದ್ದಷ್ಟೇ ನಿನ್ನದು. ಟ್ಯಾಂಕರ್‌ನ ಹೋಸ್ ಕೈಕೊಡಬಹುದು, ಅದಕ್ಕೆ ಸೇರಿಸುವ ನಿನ್ನ ವಿಮಾನದ ಕೊಳವೆ, ಅಂದರೆ ಪ್ರೋಬ್, ಮುರಿಯಬಹುದು. ಅದಕ್ಕೇ ಖಾಲಿಯಾಗುವ ತನಕ ಕಾಯದೆ ಮತ್ತೆ ಮತ್ತೆ ತುಂಬಿಸುವುದು. ಮುಂದಿನ ಸಲ ಒಂದು ಹನಿ ಸಿಗದಿದ್ದರೂ ಯಾವುದಾದರೂ ರನ್‌ವೇ ಮುಟ್ಟುವಷ್ಟು ಇರಲೇಬೇಕು. ಆ ರನ್‌ವೇ ಯಾವುದು, ಅಲ್ಲಿ ಈಗ ಮಳೆಯೋ ಮಂಜೋ, ಟ್ಯಾಂಕರ್‌ನವರು ನೋಡ್ಕೋತಾರೆ ಅಂತ ಸುಮ್ನೆ ಕೂರಬೇಡ. ನೀನೇ ಬರೆದಿಟ್ಟುಕೊ.

ಒಂದು ರಾತ್ರಿ ಒಬ್ಬ ಹುಡುಗ ನಮ್ಮ ಹೋಸ್ ತುದಿಯ ಬುಟ್ಟಿಯ, ಅಂದರೆ ಬಾಸ್ಕೆಟ್‌ನ, ಹಿಂದೆ ಬಂದ. ಪ್ರೋಬ್ ಸೇರಿತು, ಇಂಧನ ಹರಿಯಲಿಲ್ಲ. ಬಿಡಿಸಿಕೊಂಡು ಮತ್ತೆ ಬಂದ. ಮೂರನೇ ಸಲ ಬಾಸ್ಕೆಟ್ ಅವನ ತಲೆ ಮೇಲಿನ ಗಾಜಿಗೇ ಬಡಿಯಿತು. ರೇಡಿಯೋದಲ್ಲಿ ಮಾತ್ರ "ಏನೂ ತೊಂದರೆಯಿಲ್ಲ" ಅನ್ನುತ್ತಿದ್ದ, ಮಾತಿನ ನಡುವೆ ಏದುಸಿರು. ವಾಪಸ್ ತಿರುಗಲು ಇನ್ನು ಕೆಲವೇ ನಿಮಿಷ ಉಳಿದಿತ್ತು. ನಾವೇ ಅವನನ್ನು ಜೊತೆಗಾರನ ಸಮೇತ ಕಳಿಸಿಬಿಟ್ಟೆವು. ಇಳಿದ ಮೇಲೆ ನೋಡಿದರೆ ವಾಲ್ವ್ ಕೆಟ್ಟಿತ್ತು. ಮೊದಲ ಸಲವೇ ಬಾಯಿ ಬಿಡಬಹುದಿತ್ತು, ಅಲ್ವಾ? ನೀನು ಹಾಗೆ ಮುಚ್ಚಿಡಬೇಡ ಕಣೋ. ಹೇಳಿದರೆ ಯಾರೂ ನಿನ್ನನ್ನು ಕೀಳಾಗಿ ನೋಡುವುದಿಲ್ಲ.

ತುಂಬಿಸಿಕೊಂಡ ಮೇಲೂ ಮೈಮರೆಯಬೇಡ. 2018ರ ಡಿಸೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಜಪಾನಿನ ಕರಾವಳಿಯಾಚೆ ಪೆಸಿಫಿಕ್ ಸಾಗರದ ಮೇಲೆ ಅಮೆರಿಕದ ಒಂದು ಎಫ್/ಎ-18 ಯುದ್ಧವಿಮಾನ ತನ್ನ ಟ್ಯಾಂಕರಿಗೇ ಬಡಿದು ಆರು ಜನ ಹೋದರು. ಇಂಧನ ತುಂಬಿಸಿಕೊಂಡು ಪಕ್ಕಕ್ಕೆ ಸರಿದ ಮೇಲೆ ಆದದ್ದು ಅದು. ಕತ್ತಲಲ್ಲಿ ಒಂದು ದೀಪ ನೋಡಿ ದೂರ ಅಳೆಯುವುದು ಬಲು ಕಷ್ಟ. ರೇಡಿಯೋದಲ್ಲಿ "ಬ್ರೇಕವೇ", ಅಂದರೆ ತಕ್ಷಣ ದೂರ ಸರಿ, ಅಂತ ಕೇಳಿದರೆ ಯಾಕೆ ಅಂತ ಯೋಚಿಸಬೇಡ. ಥ್ರಾಟಲ್ ಹಿಂದಕ್ಕೆಳೆದು ಕೆಳಗಿಳಿ. ಟ್ಯಾಂಕರ್ ಮೇಲೇರುತ್ತದೆ.

ಟ್ಯಾಂಕರನ್ನು ಕಂಡು ಹೆದರು ಅಂತಲ್ಲ. 2007ರಲ್ಲಿ ಹವಾಯಿಯಿಂದ ಜಪಾನಿಗೆ ಹೊರಟ ಅಮೆರಿಕದ ಎಫ್-22 ಯುದ್ಧವಿಮಾನಗಳು ಅಂತರರಾಷ್ಟ್ರೀಯ ದಿನರೇಖೆ ದಾಟುತ್ತಲೇ ಅವುಗಳ ಕಂಪ್ಯೂಟರ್‌ಗಳು ಕೈಕೊಟ್ಟವು. ದಾರಿಯೇ ಗೊತ್ತಾಗದ ಅವು ಟ್ಯಾಂಕರ್‌ಗಳ ಬೆನ್ನು ಹಿಡಿದು ಹವಾಯಿಗೆ ಮರಳಿ ಕ್ಷೇಮವಾಗಿ ಇಳಿದವು.

ಇನ್ನೊಂದು ಮಾತು. ಮೂತ್ರಕ್ಕೆ ಕಷ್ಟ ಅಂತ ಎಷ್ಟೋ ಹುಡುಗರು ನೀರೇ ಕುಡಿಯುವುದಿಲ್ಲ. ಆರೇಳು ಗಂಟೆ ಕೂತ ಮೇಲೆ ತಲೆ ಸಿಡಿಯುತ್ತದೆ, ಬಾಸ್ಕೆಟ್ ಎರಡಾಗಿ ಕಾಣುತ್ತದೆ. ಹಿಂದಿನ ದಿನದಿಂದಲೇ ಚೆನ್ನಾಗಿ ಕುಡಿ. ಮೂತ್ರದ ಚೀಲ ಬಳಸುವುದನ್ನು ನೆಲದ ಮೇಲೆ, ಹಾರುವಾಗ ಹಾಕುವ ಆ ದಪ್ಪ ಸೂಟ್ ಹಾಕಿಕೊಂಡೇ ಒಮ್ಮೆ ಅಭ್ಯಾಸ ಮಾಡು.

ಇಳಿದ ತಕ್ಷಣ ಅಮ್ಮನಿಗೆ ಫೋನ್ ಮಾಡು, ಆಮೇಲೆ ನನಗೆ.

ನಿನ್ನ ಮಾವ