ಹಾಗೇ ಇದ್ದಾರೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊದಲೇ ಹೇಳಿಬಿಡುತ್ತೇನೆ, ಇದು ದೋಸೆ ದುಡ್ಡಿನ ವಿಷಯಕ್ಕೆ ಬರೆಯುತ್ತಿರುವ ಪತ್ರ ಅಲ್ಲ. ಆ ಲೆಕ್ಕ ನಿಧಾನಕ್ಕೆ ಆಗಲಿ. ನಮ್ಮಿಬ್ಬರದ್ದನ್ನು ಎಲ್ಲರೂ ಓದುವ ಕಡೆ ಯಾಕೆ ಹಾಕ್ತೀಯ ಅಂತ ನೀನು ಬೈಯುವುದು ಗ್ಯಾರಂಟಿ. ಏನು ಮಾಡಲಿ ಮಾರಾಯ, ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅದು ಎಷ್ಟು ಬರುವುದಿಲ್ಲ ಅನ್ನುವುದೇ ಈ ಪತ್ರ. ಉಳಿದವರು ಬೇಕಿದ್ದರೆ ಇಣುಕಿ ನೋಡಲಿ. ಇದರಲ್ಲಿ ಒಬ್ಬಳು ಇಣುಕುತ್ತಾಳೆ, ಅವಳೂ ಬರುತ್ತಾಳೆ ಆಮೇಲೆ.

ಹೋದ ತಿಂಗಳು "ಏನು ಓದ್ತಿದೀಯ" ಅಂತ ಕೇಳಿದೆಯಲ್ಲ, ನಾನು "ಸುಮ್ನೆ ಏನೋ" ಅಂದೆ. ಆ ಏನೋ ಅಂದರೆ ಸೆರಹ. ಬೈಬಲ್ಲಿನ ಯಾಕೋಬನ ಹನ್ನೆರಡು ಗಂಡುಮಕ್ಕಳಲ್ಲಿ ಆಶೇರ ಅನ್ನುವವನ ಮಗಳು. ಬರಗಾಲಕ್ಕೆ ಯಾಕೋಬನ ಇಡೀ ಮನೆ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಗುಳೆ ಹೊರಟಾಗ ಯಾರ್ಯಾರು ಹೋದರು ಅಂತ ಆದಿಕಾಂಡದ 46ನೇ ಅಧ್ಯಾಯದಲ್ಲಿ ಪಟ್ಟಿ ಇದೆ. ಒಟ್ಟು 70 ಜನ. ಮದುವೆಗೆ ಬಸ್ಸು ಮಾಡುವಾಗ ಬರೆದುಕೊಂಡ ಚೀಟಿಯ ಹಾಗೆ ಬರೀ ಹೆಸರು. ಆಶೇರನ ನಾಲ್ಕು ಗಂಡುಮಕ್ಕಳ ಹೆಸರಾದ ಮೇಲೆ "ಅವರ ತಂಗಿ ಸೆರಹ" ಅಂತ ಬರುತ್ತದೆ, ಅಷ್ಟೇ. ಹೀಬ್ರೂವಿನಲ್ಲಿ ಅಕ್ಕ ತಂಗಿ ಇಬ್ಬರಿಗೂ ಒಂದೇ ಪದ, ಹಾಗಾಗಿ ಅಕ್ಕನೂ ಇರಬಹುದು. ನಾನು ತಂಗಿ ಅಂತಲೇ ಇಟ್ಟುಕೊಂಡಿದ್ದೇನೆ. ನೂರು ಅಣ್ಣಂದಿರ ತಂಗಿ ದುಶ್ಶಲೆಗಾದರೂ ಒಬ್ಬ ಗಂಡ, ಒಂದು ಗೋಳು ಸಿಕ್ಕಿತು. ಸೆರಹಳಿಗೆ ಒಂದು ಮಾತೂ ಇಲ್ಲ, ಒಂದು ಕೆಲಸವೂ ಇಲ್ಲ.

ಆದರೆ ಬೈಬಲ್ಲಿನ ಅರಣ್ಯಕಾಂಡದಲ್ಲಿ (ರಾಮಾಯಣದ್ದಲ್ಲ), ಐಗುಪ್ತದಿಂದ ಬಿಡುಗಡೆಯಾಗಿ ಬಂದವರ ತಲೆ ಎಣಿಸುವಾಗ, ಮತ್ತೆ ಅದೇ ಹೆಸರು. ಯುದ್ಧಕ್ಕೆ ಹೋಗಬಲ್ಲ ಗಂಡಸರ ಲೆಕ್ಕದ ನಡುವೆ "ಆಶೇರನ ಮಗಳ ಹೆಸರು ಸೆರಹ" ಅಂತ ಒಂದು ಸಾಲು. ಯೆಹೂದಿಗಳ ಧರ್ಮಗುರುಗಳಾದ ರಬ್ಬಿಗಳ ಲೆಕ್ಕದಲ್ಲಿ ಐಗುಪ್ತದ ವಾಸ 210 ವರ್ಷ, ಅದರ ಮೇಲೆ ಕಾಡಿನ 40. ಬೇರೆ ಯಾರಾದರೂ ಆಗಿದ್ದರೆ ಹೆಸರು ಹಾಗೇ ಉಳಿದುಕೊಂಡಿದೆ ಅಂತ ಬಿಟ್ಟುಬಿಡುತ್ತಿದ್ದರು. ರಬ್ಬಿಗಳು ಬಿಡಲಿಲ್ಲ. ಪಟ್ಟಿಯಲ್ಲಿ ಹೆಸರಿದೆ ಅಂದರೆ ಆಕೆ ಇನ್ನೂ ಬದುಕಿದ್ದಾಳೆ ಅಂದರು. ಯಾಕೆ ಸಾಯಲಿಲ್ಲ ಅನ್ನುವುದಕ್ಕೂ ಅವರ ಹತ್ತಿರ ಕತೆ ಇದೆ. ನನ್ನ ತಲೆ ಕೆಡಿಸಿದ್ದು ಅದು.

ಯಾಕೋಬನ ಮಗ ಯೋಸೇಫನ ಕತೆ ನಿನಗೆ ಗೊತ್ತು. ಅಣ್ಣಂದಿರು ಅವನನ್ನು ಮಾರಿ, ಅವನ ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸಿದರು. 22 ವರ್ಷ ಅಪ್ಪ ಅತ್ತ. ಆಮೇಲೆ ಗೊತ್ತಾಯಿತು, ಮಗ ಬದುಕಿದ್ದಾನೆ, ಐಗುಪ್ತದಲ್ಲಿ ದೊಡ್ಡ ಅಧಿಕಾರಿ. ಈಗ ಮುದುಕನಿಗೆ ಹೇಳುವವರು ಯಾರು? ಮೂಲದಲ್ಲಿ ಅಣ್ಣಂದಿರೇ ನೇರವಾಗಿ ಹೇಳಿಬಿಡುತ್ತಾರೆ. ಯಾಕೋಬನ ಎದೆ ಮರಗಟ್ಟಿ ಹೋಗುತ್ತದೆ, ಅವನು ನಂಬುವುದಿಲ್ಲ. ಮಿದ್ರಾಶ್, ಅಂದರೆ ಬೈಬಲ್ಲಿನ ಸಾಲುಗಳಿಗೆ ಅರ್ಥ ಹೇಳುವ ಕತೆಗಳನ್ನು ಕಟ್ಟಿದವರಿಗೆ ಇದು ಸರಿ ಬರಲಿಲ್ಲ ಅಂತ ಕಾಣುತ್ತದೆ. 1625ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ 'ಸೆಫೆರ್ ಹಯಾಶಾರ್' ಪುಸ್ತಕದಲ್ಲಿ ಅಣ್ಣಂದಿರು ಹೆದರಿಕೊಂಡು ಊರ ಹತ್ತಿರ ನಿಂತುಬಿಡುತ್ತಾರೆ. ಒಮ್ಮೆಲೇ ಹೇಳಿದರೆ ಅಪ್ಪ ತಡೆದುಕೊಳ್ಳುತ್ತಾನಾ ಅಂತ. ಆಗ ಹುಡುಗಿ ಸೆರಹ ಎದುರಾಗುತ್ತಾಳೆ. ಅವಳ ಕೈಗೊಂದು ತಂತಿವಾದ್ಯ ಕೊಟ್ಟು ಕಳಿಸುತ್ತಾರೆ. ಅವಳು ಅಜ್ಜನ ಎದುರು ಕೂತು ಬಾರಿಸುತ್ತಾ, ನನ್ನ ಚಿಕ್ಕಪ್ಪ ಯೋಸೇಫ ಸತ್ತಿಲ್ಲ, ಬದುಕಿದ್ದಾನೆ, ಐಗುಪ್ತವನ್ನು ಆಳುತ್ತಿದ್ದಾನೆ ಅಂತ ಹಾಡುತ್ತಾಳೆ. ಒಂದೇ ಸಲ ಅಲ್ಲ, ತಿರುಗಿಸಿ ತಿರುಗಿಸಿ. ಮುದುಕನಿಗೆ ಮೊದಲು ಹಿತವಾಗುತ್ತದೆ, ಆಮೇಲೆ ನಿಜ ಅನಿಸುತ್ತದೆ. ನನ್ನ ಜೀವ ಮರಳಿಸಿದವಳು ನೀನು, ನಿನಗೆ ಸಾವು ಬಾರದಿರಲಿ ಅಂತ ಹರಸುತ್ತಾನೆ.

14ನೇ ಶತಮಾನದ ಯೆಮೆನ್ ದೇಶದ ಒಂದು ಸಂಗ್ರಹದಲ್ಲಿ ಇನ್ನೂ ಚಂದ ಇದೆ. ಅಜ್ಜ ಪ್ರಾರ್ಥನೆಗೆ ನಿಂತಿರುವಾಗ ಹೋಗಿ ಪ್ರಾಸ ಕಟ್ಟಿ ಹೇಳುತ್ತಾಳೆ: ಮಿಟ್ಸ್ರಾಯಿಮ್, ಬಿರ್ಕಾಯಿಮ್, ಎಫ್ರಾಯಿಮ್. ಯೋಸೇಫ ಐಗುಪ್ತದಲ್ಲಿದ್ದಾನೆ, ಅವನ ಮಡಿಲಿಗೆ ಮಕ್ಕಳಾಗಿವೆ, ಮನಸ್ಸೆ ಮತ್ತು ಎಫ್ರಾಯಿಮ್. ಪ್ರಾರ್ಥನೆಯ ನಡುವೆ ಎದೆ ಒಡೆದುಕೊಂಡು ಬೀಳುವ ಹಾಗಿಲ್ಲ ನೋಡು. ಜಾಣೆ.

ಮುಂದೆ ಅವಳಿಗೆ ಕೆಲಸವೋ ಕೆಲಸ. ಐಗುಪ್ತದಲ್ಲಿ ಗುಲಾಮರಾಗಿದ್ದ ಇವರ ಜನರನ್ನು ಬಿಡಿಸಲು ಮೋಶೆ ಬಂದಾಗ ಹಿರಿಯರು ಅವಳ ಹತ್ತಿರ ಓಡುತ್ತಾರೆ. ಅವನು ಮಾಡಿದ ಪವಾಡ ಕೇಳಿ ಅದರಲ್ಲೇನಿದೆ ಅನ್ನುತ್ತಾಳೆ. ಅವನು 'ಪಾಕೋದ್ ಪಾಕದ್ತಿ' ಅಂದ, ಅಂದರೆ ದೇವರು ನಿಮ್ಮನ್ನು ಖಂಡಿತ ನೆನೆದಿದ್ದಾನೆ ಅಂತ ಹೇಳಿದ ಅಂದಾಗ ಮಾತ್ರ, ಹಾಗಾದರೆ ಇವನೇ ಅನ್ನುತ್ತಾಳೆ. ಯೋಸೇಫ ಸಾಯುವಾಗ ಬಿಟ್ಟುಹೋದ ಗುರುತಿನ ಮಾತು ಅದು. ಇಲ್ಲಿಂದ ಹೋಗುವಾಗ ತನ್ನ ಮೂಳೆಯನ್ನೂ ಒಯ್ಯಬೇಕು ಅಂತಲೂ ಅವನು ಮಾತು ತೆಗೆದುಕೊಂಡಿದ್ದ. ಹೊರಡುವ ದಿನ ಉಳಿದವರು ಬೆಳ್ಳಿ ಬಂಗಾರ ಕಟ್ಟಿಕೊಳ್ಳುತ್ತಿದ್ದರೆ ಮೋಶೆ ಯೋಸೇಫನ ಮೂಳೆ ಹುಡುಕುತ್ತಿದ್ದ. ಎಲ್ಲಿಟ್ಟಿದ್ದಾರೆ ಅಂತ ಗೊತ್ತಿದ್ದವಳು ಇವಳೊಬ್ಬಳೇ. ರಬ್ಬಿಗಳ ದೊಡ್ಡ ಗ್ರಂಥ ತಾಲ್ಮುದಿನಲ್ಲಿ ಬರುತ್ತದೆ, ಲೋಹದ ಪೆಟ್ಟಿಗೆಯಲ್ಲಿಟ್ಟು ನೈಲ್ ನದಿಗೆ ಇಳಿಸಿದ್ದರಂತೆ. ಮೋಶೆ ದಡದಲ್ಲಿ ನಿಂತು, ಬರುವುದಾದರೆ ಬಾ, ಇಲ್ಲದಿದ್ದರೆ ನಿನಗೆ ಕೊಟ್ಟ ಮಾತಿನಿಂದ ನಮಗೆ ಬಿಡುಗಡೆ ಅಂತ ಕೂಗುತ್ತಾನೆ. ಪೆಟ್ಟಿಗೆ ತೇಲಿ ಬರುತ್ತದೆ. ಎಷ್ಟೋ ಕಾಲದ ಮೇಲೆ, ರಾಜ ದಾವೀದನ ಕಾಲದಲ್ಲಿ ಸೇನಾಪತಿ ಯೋವಾಬನಿಗೆ ಕೋಟೆಯ ಮೇಲಿಂದ ಬುದ್ಧಿ ಹೇಳಿದ ಹೆಸರಿಲ್ಲದ ಹೆಂಗಸೂ ಇವಳೇ ಅಂತೆ.

ನನಗೆ ಜಾಸ್ತಿ ಇಷ್ಟ ಆಗಿದ್ದು ಮೂರನೇ ಶತಮಾನದ ರಬ್ಬಿ ಯೋಹಾನನ್ ಪ್ರಸಂಗ. ಐಗುಪ್ತದಿಂದ ಹೊರಟವರಿಗೆ ದಾರಿ ಬಿಡಲು ಕೆಂಪು ಸಮುದ್ರ ಸೀಳಿದಾಗ ನೀರಿನ ಗೋಡೆ ಹೇಗಿತ್ತು ಅಂತ ಪಾಠ ಮಾಡುತ್ತಿದ್ದಾರೆ. ಜಾಲಂದ್ರದ ಹಾಗಿತ್ತು ಅನ್ನುತ್ತಾರೆ. ಸೆರಹ ಇಣುಕಿ, ನಾನು ಅಲ್ಲಿದ್ದೆ, ಹಾಗಿರಲಿಲ್ಲ, ಬೆಳಕು ಬೀರುವ ಕಿಟಕಿಗಳ ಹಾಗಿತ್ತು ಅನ್ನುತ್ತಾಳೆ. ನಮ್ಮ ಎಸ್ಟಿಡಿ ಮೇಷ್ಟ್ರ ಕ್ಲಾಸಿಗೆ ಇಂಥವಳೊಬ್ಬಳು ಬರಬೇಕಿತ್ತು, ಅಲ್ವಾ? ಕೊನೆಗೆ ಜೀವಂತವಾಗಿಯೇ ಸ್ವರ್ಗಕ್ಕೆ ಹೋದಳು ಅನ್ನುತ್ತಾರೆ. ಇರಾನಿನ ಯೆಹೂದಿಗಳು ಒಪ್ಪುವುದಿಲ್ಲ. ಇಸ್ಫಹಾನ್ ಹತ್ತಿರ ಪೀರ್ ಬಕ್ರಾನಿನಲ್ಲಿ ಅವಳ ಗುಡಿಯನ್ನೇ ತೋರಿಸುತ್ತಾರೆ.

ಇಷ್ಟು ಓದಿ ನಾನು ಒಳಗೊಳಗೇ ಬೀಗಿದೆ ಕಣೋ. ನಾನೂ ಒಂಥರಾ ಸೆರಹನೇ ಅಂದುಕೊಂಡೆ. ಆರು ವರ್ಷದ ಹಿಂದೆ ನಿನ್ನ ಅಪ್ಪನ ಸುದ್ದಿಯನ್ನು ನಿನ್ನ ಎದೆ ಒಡೆಯದ ಹಾಗೆ, ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಮುಟ್ಟಿಸಿದವನು ನಾನೇ ತಾನೆ? "ಸ್ವಲ್ಪ ಸೀರಿಯಸ್ಸು, ಟಿಕೆಟ್ ಸಿಕ್ಕರೆ ಹೊರಟುಬಿಡು."

ಆಮೇಲೆ ಅಂಗಿಯ ಪ್ರಸಂಗವನ್ನು ಇನ್ನೊಂದು ಸಲ ಓದಿದೆ. ಅಣ್ಣಂದಿರು ಅಪ್ಪನಿಗೆ ಬಾಯಿಬಿಟ್ಟು ಸುಳ್ಳು ಹೇಳುವುದೇ ಇಲ್ಲ, ಗೊತ್ತಾ? ಇದು ಸಿಕ್ಕಿತು, ನಿನ್ನ ಮಗನ ಅಂಗಿ ಹೌದೋ ಅಲ್ಲವೋ ನೋಡು ಅನ್ನುತ್ತಾರೆ, ಅಷ್ಟೇ. ಉಳಿದದ್ದನ್ನು ಅಪ್ಪನೇ ಹೇಳಿಕೊಳ್ಳುತ್ತಾನೆ, ಕಾಡುಮೃಗ ತಿಂದುಹಾಕಿತು ಅಂತ.

ಫ್ಲೈಟ್ ಬದಲಿಸುವಾಗ ನೀನು ಫೋನ್ ಮಾಡಿದೆ. ಹೇಗಿದ್ದಾರೆ ಅಂದೆ. ನಾನು "ಹಾಗೇ ಇದ್ದಾರೆ" ಅಂದೆ. ಸುಳ್ಳೇನಲ್ಲ. ಹಾಲಿನಲ್ಲಿ, ಫ್ರೀಜರ್ ಬಾಕ್ಸಿನಲ್ಲಿ, ಹಾಗೇ ಇದ್ದರು. ನಾನು ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಆ ಮಾತು ಕೇಳಿದ ಮೇಲೆ ನೀನು ಏರ್‌ಪೋರ್ಟ್ ಅಂಗಡಿಗೆ ಹೋಗಿ ಬಿಪಿ ಮಶೀನು ಕೊಂಡೆ. ಗುರುವಾರ ಬೆಳಿಗ್ಗೆ ಆಟೋದಿಂದ ಇಳಿದಾಗ ನಿನ್ನ ಕೈಯಲ್ಲಿ ಆ ಡಬ್ಬಿ ಇತ್ತು. ಮನೆ ಮುಂದೆ ಹೊಗೆಯಾಡುತ್ತಿದ್ದ ಸೌದೆ ನೋಡಿದೆ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದೆ.

ನೀನು ದಾರಿಯಲ್ಲಿದ್ದಾಗ, ಬುಧವಾರ ಸಂಜೆ ಹೋದರು ಅಂತ ಹೇಳಿದೆವು. ಮರಣ ಪ್ರಮಾಣಪತ್ರದಲ್ಲಿ ಮಂಗಳವಾರದ ತಾರೀಖು ಇತ್ತು. ಜೆರಾಕ್ಸ್ ಅಂಗಡಿ ಮುಂದೆ ಅದನ್ನು ಬಿಚ್ಚಿ ಓದಿದೆಯಲ್ಲ, ನಾನು ಚಪ್ಪಲಿ ನೋಡಿಕೊಂಡು ನಿಂತಿದ್ದೆ. "ಐದು ಕಾಪಿ ಸಾಕಾ?" ಅಂದೆ ನೀನು. ಸಾಕು ಅಂದೆ. ಆರು ವರ್ಷದಲ್ಲಿ ಆ ವಿಷಯಕ್ಕೆ ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟೇ.

ನಿನ್ನ ಚಿಕ್ಕಪ್ಪ "ಈಗಲೇ ಹೇಳಬೇಡಪ್ಪ, ಅಷ್ಟು ದೂರದಲ್ಲಿ ಒಬ್ಬನೇ ಇದ್ದಾನೆ" ಅಂದಿದ್ದು ನಿಜ. ಆದರೆ ಅಮ್ಮ ಹಾಗೆ ಅನ್ನಲಿಲ್ಲ. ಅಮ್ಮ "ಹೇಳಿಬಿಡೋ, ಅವನು ಅಳೋದಿದ್ರೆ ಅಲ್ಲಿಂದಲೇ ಅಳ್ತಾ ಬರಲಿ" ಅಂದರು. ಕೇಳಿಸದ ಹಾಗೆ ಹೊರಗೆ ಬಂದುಬಿಟ್ಟೆ. ನಿನ್ನ ಎದೆ ಒಡೆಯುತ್ತದೆ ಅಂತ ಅಲ್ಲ ಕಣೋ. ಫೋನಿನಲ್ಲಿ ನೀನು ಅತ್ತರೆ ನಾನೇನು ಮಾಡಲಿ ಅಂತ. ಚಿಕ್ಕಪ್ಪನ ಮಾತು ನನಗೆ ಅನುಕೂಲವಾಯಿತು, ಹಿಡಿದುಕೊಂಡೆ.

ರಬ್ಬಿಗಳು ಇಸಾಕನನ್ನೂ ಬಿಟ್ಟಿಲ್ಲ. ಅವನಿಗೆ ಮೊಮ್ಮಗ ಬದುಕಿರುವುದು ಗೊತ್ತಿತ್ತಂತೆ. ಮಗ ಯಾಕೋಬನ ಎದುರು ಕೂತು ಅವನ ಜೊತೆ ಅಳುತ್ತಿದ್ದ, ಹೊರಗೆ ಬಂದು ಸ್ನಾನ ಮಾಡಿ ಊಟ ಮಾಡುತ್ತಿದ್ದ. ಬುಧವಾರ ಮಧ್ಯಾಹ್ನ, ನಿನ್ನ ಹತ್ತಿರ ಮಾತಾಡಿ ಫೋನ್ ಇಟ್ಟ ಮೇಲೆ, ಪಕ್ಕದ ಮನೆಯಲ್ಲಿ ನಾನು ಎರಡು ಸಲ ಹಾಕಿಸಿಕೊಂಡು ಚಿತ್ರಾನ್ನ ತಿಂದೆ.

ಇಷ್ಟೆಲ್ಲ ಬರೆಯುತ್ತೇನೆ ಅಂತ ಕೂತಿರಲಿಲ್ಲ ಮಾರಾಯ. ಸೆರಹ ಅಂತ ಒಬ್ಬಳಿದ್ದಾಳೆ, ಚೆನ್ನಾಗಿದೆ ಓದು ಅಂತ ನಾಲ್ಕು ಸಾಲು ಹಾಕುವವನಿದ್ದೆ. ನೋಡು, ಈ ಸಲವೂ ಫೋನ್ ಮಾಡಲಿಲ್ಲ. ಹಾಡೋಣ ಅಂದರೆ ನನ್ನ ಗಂಟಲು ನಿನಗೆ ಗೊತ್ತು, ಗಣೇಶನ ಪೆಂಡಾಲಿನ ಮೈಕು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಆ ಬಿಪಿ ಮಶೀನು ನಮ್ಮ ಮನೆಯಲ್ಲೇ ಇದೆ. ನೀನು ಕೇಳಲಿಲ್ಲ, ನಾನು ಕೊಡಲಿಲ್ಲ. ಸೆಲ್ ಎರಡು ಸಲ ಬದಲಿಸಿದ್ದೇನೆ. ಈ ಪತ್ರ ಮುಗಿಸುವ ಮೊದಲು ಕೈಗೆ ಕಟ್ಟಿಕೊಂಡು ನೋಡಿದೆ, 150/95. ಉಪ್ಪಿನಕಾಯಿ ಬಿಡು ಅಂತ ಶುರು ಮಾಡಬೇಡ. ಬೈಯುವುದಿದ್ದರೆ ಭಾನುವಾರ ಫೋನ್ ಮಾಡು, ಎತ್ತುತ್ತೇನೆ. ದೋಸೆ 46 ರೂಪಾಯಿ, ಮರೆತಿಲ್ಲ.

ನಿನ್ನ,
ಸೈಕಲ್ ಸ್ಟ್ಯಾಂಡು