ಯೀಸ್ಟ್ ಲ್ಯಾಬನ್ನೇ ತಗೋ

ಮಾಟುಂಗಾ, ಮುಂಬಯಿ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಪುಣೆಯಲ್ಲಿ ನಿನಗೆ ಎರಡು ಲ್ಯಾಬುಗಳಲ್ಲಿ ಪಿಎಚ್‌ಡಿಗೆ ಜಾಗ ಇದೆಯಂತೆ. ಒಂದರಲ್ಲಿ ಕ್ಯಾನ್ಸರ್ ಕೋಶಗಳು, ಇನ್ನೊಂದರಲ್ಲಿ ಯೀಸ್ಟ್. ನಿನಗೆ ಯೀಸ್ಟ್ ಇಷ್ಟ. ಆದರೆ "ಇಷ್ಟು ಓದಿ ಪಾವ್ ಉಬ್ಬಿಸೋ ಯೀಸ್ಟ್ ನೋಡ್ತಾ ಕೂರ್ತೀಯಾ?" ಅಂತ ಮನೆಯಲ್ಲಿ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡಿದ್ದೀಯಂತೆ. ನನ್ನನ್ನು ಕೇಳಿದರೆ, ಯೀಸ್ಟನ್ನೇ ತಗೋ.

1988ರಲ್ಲಿ ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಪ್ರಕಟಿಸಿದ ಪ್ರಯೋಗ ನೀನು ಓದಿರುತ್ತೀಯ. ಆದರೂ ಇನ್ನೊಮ್ಮೆ ನಿಧಾನವಾಗಿ ಓದು. ಎಕ್ಸ್‌ರೇ ಬಿದ್ದು ಡಿಎನ್ಎ ತುಂಡಾದರೆ ಯೀಸ್ಟ್ ಕೋಶ ವಿಭಜನೆಯನ್ನು ತಡೆಹಿಡಿಯುತ್ತದೆ. ರಿಪೇರಿ ಆದಮೇಲೆ ಮುಂದುವರಿಯುತ್ತದೆ. ರ‍್ಯಾಡ್9 ಜೀನ್ ಕೆಟ್ಟಿರುವ ಕೋಶ ನಿಲ್ಲುವುದಿಲ್ಲ. ಮುರಿದ ಕ್ರೋಮೋಸೋಮ್ ಇಟ್ಟುಕೊಂಡೇ ಎರಡಾಗಲು ಹೋಗಿ ಸಾಯುತ್ತದೆ. ಇಷ್ಟಕ್ಕೇ ಬಿಟ್ಟಿದ್ದರೆ, ಇದೂ ಒಂದು ರಿಪೇರಿ ಜೀನ್ ಅಂತ ಬರೆದು ಮುಗಿಸಬಹುದಿತ್ತು. ಅವರು ಬಿಡಲಿಲ್ಲ. ವಿಭಜನೆ ತಡೆಯುವ ಒಂದು ಔಷಧ ಹಾಕಿ, ಆ ಕೋಶಗಳನ್ನು ಬಲವಂತವಾಗಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಆಗ ಜಾಸ್ತಿ ಕೋಶಗಳು ಬದುಕಿದವು! ಅಂದರೆ ರಿಪೇರಿ ಮಾಡುವ ಶಕ್ತಿ ಅವಕ್ಕೆ ಇದ್ದೇ ಇತ್ತು, ಇಲ್ಲದ್ದು ಸಮಯ ಮಾತ್ರ. ಸರಿಮಾಡುವ ಕೆಲಸ ಬೇರೆ, ಸರಿಯಾಗುವ ತನಕ ಕೋಶವನ್ನು ತಡೆದು ನಿಲ್ಲಿಸುವ ಕೆಲಸ ಬೇರೆ. ಹೀಗೆ ತಡೆಯುವುದನ್ನೇ ಈಗ ಚೆಕ್‌ಪಾಯಿಂಟ್ ಅನ್ನುತ್ತೇವೆ. ಎಷ್ಟು ವರ್ಷ ಕಳೆದರೂ ಈ ಪ್ರಯೋಗ ಓದಿದರೆ ನನಗೆ ಖುಷಿಯಾಗುತ್ತದೆ.

ಇದು ಯೀಸ್ಟ್‌ನಲ್ಲಿ ಸುಲಭವಾಗಿ ಕಂಡದ್ದಕ್ಕೆ ಕಾರಣ ಇದೆ. ಒಳ್ಳೇ ಆಹಾರ ಕೊಟ್ಟರೆ ಅದು ಸುಮಾರು ಒಂದೂವರೆ ಗಂಟೆಗೆ ಎರಡಾಗುತ್ತದೆ. ಬೇಕಾದ ಜೀನ್ ತೆಗೆಯಬಹುದು. ಮೈಕ್ರೋಸ್ಕೋಪಿನಲ್ಲಿ ತಾಯಿ ಕೋಶದ ಮೇಲೆ ಮೂಡುವ ಮೊಗ್ಗು, ಅಂದರೆ ಮರಿ ಕೋಶ, ಎಷ್ಟು ದೊಡ್ಡದಿದೆ ಅಂತ ನೋಡಿದರೆ ಸಾಕು, ಕೋಶ ಯಾವ ಹಂತದಲ್ಲಿದೆ ಅಂತ ಗೊತ್ತಾಗುತ್ತದೆ.

"ಅದೆಲ್ಲ ಸರಿ, ಮನುಷ್ಯರಿಗೇನು?" ಅಂತ ನಿಮ್ಮಪ್ಪ ಕೇಳಿದರೆ ಪಾಲ್ ನರ್ಸ್ ವಿಷಯ ಹೇಳು. 1987ರಲ್ಲಿ ಮೆಲನಿ ಲೀ ಮತ್ತು ನರ್ಸ್, ವಿಭಜನೆ ನಡೆಸುವ ಜೀನ್ ಕೆಟ್ಟ ಯೀಸ್ಟ್‌ಗೆ ಮನುಷ್ಯನ ಜೀನ್ ಹಾಕಿ ನೋಡಿದರು. ಯೀಸ್ಟ್ ಮತ್ತೆ ಎರಡಾಗತೊಡಗಿತು. 2001ರ ನೊಬೆಲ್ ಹಾರ್ಟ್‌ವೆಲ್, ನರ್ಸ್, ಟಿಮ್ ಹಂಟ್ ಮೂವರಿಗೂ ಬಂತು, ಕೋಶ ವಿಭಜನೆಯ ಕೆಲಸಕ್ಕೇ.

ಒಂದು ಜೀನ್ ಕೆಟ್ಟರೂ ಬದುಕುವ ಕೋಶ, ಜೊತೆಗೆ ಇನ್ನೊಂದು ದಾರಿಯೂ ಮುಚ್ಚಿದರೆ ಸಾಯಬಹುದು. ಯೀಸ್ಟ್‌ನವರಿಗೆ ಇದು ದಿನನಿತ್ಯದ ಲೆಕ್ಕ. ಇದರಿಂದ ಕ್ಯಾನ್ಸರ್ ಔಷಧ ಹುಡುಕಬಹುದು ಅಂತ ಹಾರ್ಟ್‌ವೆಲ್ ಮತ್ತು ಜೊತೆಗಾರರು 1997ರಲ್ಲೇ ಬರೆದರು. ಬಿಆರ್‌ಸಿಎ ಜೀನ್ ಕೆಟ್ಟ ಕ್ಯಾನ್ಸರ್ ಗಡ್ಡೆಗಳಿಗೆ ಕೊಡುವ ಒಲಾಪರಿಬ್ ಅನ್ನೋ ಔಷಧ ಕೆಲಸ ಮಾಡುವುದೂ ಹೀಗೆಯೇ: ಆ ಜೀನ್ ಕೆಟ್ಟು ಡಿಎನ್ಎ ರಿಪೇರಿಯ ಒಂದು ದಾರಿ ಮೊದಲೇ ಮುಚ್ಚಿರುತ್ತದೆ, ಔಷಧ ಇನ್ನೊಂದನ್ನು ಮುಚ್ಚುತ್ತದೆ. ಅಂಡಾಶಯದ ಕ್ಯಾನ್ಸರಿಗೆ ಅದಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಮುಂದಿನ ಫುಟ್‌ಪಾತಿನಲ್ಲಿ ನಮ್ಮೂರ ಕಡೆಯ ಕನ್ನಡ ಎಷ್ಟೋ ಸಲ ಕೇಳಿದ್ದೇನೆ. ಆ ಜನರ ಸಂಕಟ ನೋಡಿದವಳಾಗಿಯೇ ನಿನಗೆ ಯೀಸ್ಟ್ ತಗೋ ಅನ್ನುತ್ತಿದ್ದೇನೆ.

ಆದರೆ ಅದರ ಮಿತಿಯೂ ಗೊತ್ತಿರಲಿ. ಯೀಸ್ಟ್‌ಗೆ ನಮ್ಮಲ್ಲಿ ಕ್ಯಾನ್ಸರ್ ತಡೆಯುವ ಪಿ53 ಜೀನ್ ಇಲ್ಲ, ಬಿಆರ್‌ಸಿಎ ಜೀನ್‌ಗಳೂ ಇಲ್ಲ. ಯೀಸ್ಟ್‌ನಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲೂ ಇದೆ ಅಂತ ಸೆಮಿನಾರಿನಲ್ಲಿ ಯಾವತ್ತೂ ಹೇಳಬೇಡ. ಮಧ್ಯೆ ಮಧ್ಯೆ ಮನುಷ್ಯ ಕೋಶ ಬೆಳೆಸುವುದನ್ನೂ ಕಲಿತುಕೋ, ಆಮೇಲೆ ಬೇಕಾಗುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಹೂಂ ಅನ್ನುವ ಮುಂಚೆ ಆ ಲ್ಯಾಬಿನ ಹುಡುಗರ ಜೊತೆ ಚಹಾ ಕುಡಿ, ಗೈಡ್ ಇಲ್ಲದಾಗ. ಪಿಎಚ್‌ಡಿ ಮುಗಿಸಲು ಎಷ್ಟು ವರ್ಷ ಹಿಡಿಯುತ್ತಿದೆ, ಪ್ರಯೋಗ ಕೆಟ್ಟಾಗ ಗೈಡ್ ಹತ್ತಿರ ಧೈರ್ಯವಾಗಿ ಹೋಗಬಹುದಾ ಅಂತ ಕೇಳು. ಹೆದರುತ್ತಾರೆ ಅನ್ನಿಸಿದರೆ, ಯೀಸ್ಟ್ ಆದರೂ ಬೇಡ, ಬೇರೆ ಲ್ಯಾಬ್ ನೋಡೋಣ.

ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಲ್ಯಾಬಿನ ಹುಡುಗರು ಏನಂದರು ಅಂತ ನನಗೆ ಬರಿ.

ಇತಿ,
ನಿನ್ನ ದೊಡ್ಡಮ್ಮ